ಕಿವಿಗೆ ಬೈಯಬೇಡ ಪುಟ್ಟೀ

ಬದಿಯಡ್ಕ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತದ್ದು ಮನಸ್ಸಿನಿಂದ ಹೋಗುತ್ತಿಲ್ಲ. "ದೊಡ್ಡಮ್ಮಾ, ಐಸಿಯುನಲ್ಲಿ ರೋಗಿಯ ಮಾನಿಟರ್‌ನ ಅಲಾರಂ ಕೂಗುತ್ತಿತ್ತು, ನಾನು ಪಕ್ಕದಲ್ಲೇ ಇದ್ದೆ, ನನಗೆ ಕೇಳಿಸಲೇ ಇಲ್ಲ" ಅಂದೆ. ಇನ್ನೊಬ್ಬರು ಸಿಸ್ಟರ್ ಓಡಿ ಬಂದರು, ರೋಗಿಗೆ ಏನೂ ಆಗಲಿಲ್ಲ. ಆದರೂ ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಅಂದುಕೊಂಡು ಕೂತಿದ್ದೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನೂ ಮೂವತ್ತು ವರ್ಷ ಅದೇ ನರ್ಸ್ ಡ್ಯೂಟಿ ಮಾಡಿದವಳು.

ನಿನ್ನ ಅಜ್ಜ ಹಂದಿ ಓಡಿಸಲಿಕ್ಕೆ ತೋಡಿನ ಹತ್ತಿರ ತಗಡಿನ ಡಬ್ಬ ಕಟ್ಟಿದ್ದರು. ನೀರು ತುಂಬಿ ಬಗ್ಗಿದಾಗೆಲ್ಲ ಕೋಲು ಡಬ್ಬಕ್ಕೆ ಬಡಿಯುತ್ತಿತ್ತು. ಮೊದಲ ನಾಲ್ಕು ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ, ಹಂದಿಯೂ ಇಲ್ಲ. ಹದಿನೈದು ದಿನ ಆಗುವಾಗ ನಮಗೂ ಅಭ್ಯಾಸ ಆಯಿತು, ಹಂದಿಗೂ ಅಭ್ಯಾಸ ಆಯಿತು. ಕಿವಿ ಇರುವುದೇ ಹಾಗೆ. ಸುಮ್ನೆ ಸುಮ್ನೆ ಕೂಗುವ ಸದ್ದನ್ನು ಅದು ತಾನಾಗಿಯೇ ಬದಿಗೆ ಸರಿಸುತ್ತದೆ. ನೀನು ಎಷ್ಟು ಗಟ್ಟಿ ಮನಸ್ಸು ಮಾಡಿದರೂ ತಡೆಯಲಿಕ್ಕೆ ಆಗುವುದಿಲ್ಲ.

ನಿನ್ನ ಐಸಿಯುನಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 77 ಐಸಿಯು ಬೆಡ್‌ಗಳ ಅಲಾರಂಗಳನ್ನು 31 ದಿನ ಎಣಿಸಿದರು. 2014ರಲ್ಲಿ ಪ್ರಕಟವಾದ ಲೆಕ್ಕ ಅದು. ಒಂದೊಂದು ಬೆಡ್‌ನಿಂದ ದಿನಕ್ಕೆ 187 ಸಲ ಸದ್ದು! ಹೃದಯ ಬಡಿತ ತಪ್ಪಿದೆ ಎಂದು ಕೂಗಿದವುಗಳಲ್ಲಿ 12,671 ಅಲಾರಂಗಳನ್ನು ಒಂದೊಂದಾಗಿ ನೋಡಿದರೆ, ನೂರಕ್ಕೆ 88ಕ್ಕಿಂತ ಜಾಸ್ತಿ ಸುಳ್ಳು. ಇದರಲ್ಲಿ ನಿನ್ನ ಕಿವಿಯ ತಪ್ಪು ಎಷ್ಟು, ಹೇಳು.

ನನಗೂ ಆಗಿದೆ. ಒಂದು ನೈಟ್ ಡ್ಯೂಟಿಯಲ್ಲಿ ಒಬ್ಬ ಅಜ್ಜನ ಎದೆಗೆ ಅಂಟಿಸಿದ ಮಾನಿಟರ್ ತಂತಿ, ಅಂದರೆ ಲೀಡ್, ಬೆವರಿಗೆ ಪದೇ ಪದೇ ಕಳಚುತ್ತಿತ್ತು. ಬಂದು ಅಂಟಿಸುವುದು, ಸೈಲೆನ್ಸ್ ಒತ್ತುವುದು. ಬೆಳಗಿನ ಜಾವ ಮತ್ತೆ ಕೂಗಿತು. ನಾನು ಸ್ಕ್ರೀನ್ ನೋಡದೆ ಗುಂಡಿ ಒತ್ತಿದೆ. ಈ ಸಲ ಕಳಚಿದ್ದು ಲೀಡ್ ಅಲ್ಲ, ಆಕ್ಸಿಜನ್ ಇಳಿಯುತ್ತಿತ್ತು. ನೆಲ ಒರೆಸುತ್ತಿದ್ದ ಆಯಾ "ಸಿಸ್ಟರೇ, ಅಜ್ಜನ ತುಟಿ ನೋಡಿ" ಅಂತ ತುಳುವಿನಲ್ಲಿ ಕೂಗಿದಳು. ಅಜ್ಜ ಉಳಿದರು. ಆ ಗುಂಡಿಯ ಮೇಲಿದ್ದ ನನ್ನ ಬೆರಳು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಅವತ್ತಿನಿಂದ ನಾನು ಹಿಡಿದದ್ದು ಒಂದೇ ದಾರಿ. ಇನ್ನೂ ಜಾಗ್ರತೆಯಿಂದ ಕೇಳುತ್ತೇನೆ ಅಂತ ಶಪಥ ಮಾಡಲಿಲ್ಲ, ಸುಳ್ಳು ಸದ್ದು ಹುಟ್ಟುವ ಜಾಗವನ್ನು ಹುಡುಕಿದೆ.

ಲೀಡ್‌ನ ತುದಿಯಲ್ಲಿ ಎದೆಗೆ ಅಂಟಿಸುವ ಎಲೆಕ್ಟ್ರೋಡ್‌ನಿಂದ ಶುರು ಮಾಡು. ನಮ್ಮ ಕರಾವಳಿ ಸೆಕೆಗೆ ಅದು ನಿಲ್ಲುವುದಿಲ್ಲ ಅಂತ ಬೈದು ಪ್ರಯೋಜನ ಇಲ್ಲ. ದಿನಾ ಮೈ ಒರೆಸಿದ ಮೇಲೆ ಹೊಸದು ಹಾಕು. ಕೂದಲಿದ್ದರೆ ಕತ್ತರಿಸು, ಸೋಪು ನೀರಿನಲ್ಲಿ ಒರೆಸು, ಚೆನ್ನಾಗಿ ಒಣಗಿಸು, ಗಾಜ್ ಬಟ್ಟೆಯಿಂದ ಮೆಲ್ಲಗೆ ಉಜ್ಜು. ಸ್ಪಿರಿಟ್ ಬೇಡ, ಚರ್ಮ ಒಣಗುತ್ತದೆ. ಅಂಟಿಸುವಾಗ ಸುತ್ತಲಿನ ಅಂಚು ಒತ್ತು, ನಡುವಿನ ಜೆಲ್ ಒತ್ತಬೇಡ. ಪ್ಯಾಕೆಟ್ ತೆರೆದಿಟ್ಟರೆ ಜೆಲ್ ಒಣಗಿಹೋಗುತ್ತದೆ, ಮಡಚಿಡು. ಇಷ್ಟೇನಾ ಅಂತ ಅನಿಸಬಹುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಎರಡು ವಾರ್ಡ್‌ಗಳಲ್ಲಿ ದಿನಾ ಎಲೆಕ್ಟ್ರೋಡ್ ಬದಲಿಸಿದ್ದಕ್ಕೇ ಅಲಾರಂ ನೂರಕ್ಕೆ 46ರಷ್ಟು ಇಳಿಯಿತು.

ಆಕ್ಸಿಜನ್ ಅಳೆಯುವ ಬೆರಳಿನ ಪ್ರೋಬ್ ಇರುವ ಕೈಗೇ ಬಿಪಿ ಪಟ್ಟಿ ಕಟ್ಟಬೇಡ. ಪಟ್ಟಿ ಉಬ್ಬಿದಾಗಲೆಲ್ಲ ರಕ್ತ ನಿಂತು ಮಾನಿಟರ್ ಕೂಗುತ್ತದೆ. ಕೈ ತಣ್ಣಗಿದ್ದರೆ ಬೆಚ್ಚಗೆ ಮಾಡು, ಉಗುರಿನ ಬಣ್ಣ ತೆಗೆ.

ಡ್ಯೂಟಿಗೆ ಬಂದ ಕೂಡಲೇ ಅಲಾರಂ ಲಿಮಿಟ್, ಅಂದರೆ ಎಷ್ಟಕ್ಕೆ ಇಳಿದರೆ ಅಥವಾ ಏರಿದರೆ ಕೂಗಬೇಕು ಅಂತ ಇಟ್ಟ ಅಂಕಿ, ನೋಡು. ಇದು ಮುಖ್ಯ. ನಮ್ಮ ಊರಿನಿಂದ ಬೀಡಿ ಸೇದಿ ಸೇದಿ ಶ್ವಾಸಕೋಶ ಹಾಳಾದವರು ಬರುತ್ತಾರಲ್ಲ, ಸಿಒಪಿಡಿಯವರು, ಅವರಿಗೆ ಡಾಕ್ಟರ್ ಬಯಸುವುದೇ ನೂರಕ್ಕೆ 88ರಿಂದ 92ರ ಆಕ್ಸಿಜನ್. 90ಕ್ಕಿಂತ ಇಳಿದರೆ ಕೂಗುವಂತೆ ಮಾನಿಟರ್ ಇಟ್ಟಿದ್ದರೆ ರಾತ್ರಿಯಿಡೀ ಕೂಗದೆ ಇನ್ನೇನು ಮಾಡೀತು? ರೌಂಡ್ಸ್‌ನಲ್ಲಿ ಕೇಳು: "ಸರ್, ಇವರಿಗೆ ಎಷ್ಟಕ್ಕೆ ಇಡಲಿ?" ಹೇಳಿದ್ದನ್ನು ಚಾರ್ಟ್‌ನಲ್ಲಿ ಬರೆ. ನಿನ್ನಷ್ಟಕ್ಕೆ ಬದಲಿಸಬೇಡ. ಆಫ್ ಅಂತೂ ಯಾವತ್ತೂ ಮಾಡಬೇಡ. ಕಫ ಎಳೆಯುವಾಗ, ಮಗ್ಗುಲು ಬದಲಿಸುವಾಗ ಎರಡು ನಿಮಿಷ ಅಲಾರಂ ತಡೆಹಿಡಿಯುವ ಪಾಸ್ ಗುಂಡಿ ಒತ್ತು, ಸಾಕು. ಆಗ ನೀನು ರೋಗಿಯ ಮೈಮೇಲೇ ಕಣ್ಣಿಟ್ಟಿರುತ್ತೀ. ಔಷಧಿ ನಿಧಾನವಾಗಿ ಕೊಡುವ ಸಿರಿಂಜ್ ಪಂಪ್ ಖಾಲಿಯಾಗಿ ಕೂಗುವ ಮೊದಲೇ ಮುಂದಿನದು ತುಂಬಿಸಿಡು.

ಇಷ್ಟು ನಿನ್ನ ಕೈಯಲ್ಲಿದೆ. ಉಳಿದದ್ದು ನಿನ್ನೊಬ್ಬಳಿಂದ ಆಗುವುದಲ್ಲ. ಆಕ್ಸಿಜನ್ ಅಲಾರಂ ಕೂಗುವ ಮೊದಲು ಕೆಲವು ಸೆಕೆಂಡ್ ಕಾಯುವಂತೆ ಮಾಡಬಹುದು. ಒಂದು ಕೆಮ್ಮಿಗೆ ಇಳಿದು ತಾನಾಗಿ ಏರಿದರೆ ಅದು ಕೂಗುವುದಿಲ್ಲ. ಅದನ್ನು ಡಾಕ್ಟರು, ಇನ್‌ಚಾರ್ಜ್ ಸಿಸ್ಟರ್, ಬಯೋಮೆಡಿಕಲ್ ಇಂಜಿನಿಯರ್ ಕೂತು ಮಾತಾಡಿ ಮಾಡಬೇಕು. ವೆಂಟಿಲೇಟರ್‌ನ ಮೂರು ರೋಗಿಗಳನ್ನು ಒಬ್ಬಳೇ ನೋಡಬೇಕೆಂದರೆ ಯಾವ ಲಿಮಿಟ್ ಇಟ್ಟರೂ ಆಗದು, ಅದನ್ನೂ ಹೇಳು. ಹೆದರಬೇಡ. ಬರಿಗೈಯಲ್ಲಿ ಹೋದರೆ ದೂರು ಅನ್ನುತ್ತಾರೆ, ಬರೆದುಕೊಂಡು ಹೋಗು. ಒಂದು ವಾರ ಚಿಕ್ಕ ನೋಟ್‌ಬುಕ್ಕಿನಲ್ಲಿ ಯಾವ ಬೆಡ್, ಎಷ್ಟು ಗಂಟೆಗೆ, ಯಾಕೆ ಕೂಗಿತು, ನೀನು ಏನು ಮಾಡಿದೆ, ಇಷ್ಟನ್ನು ಗುರುತು ಹಾಕು.

ಚೌತಿಗೆ ರಜೆ ಸಿಕ್ಕರೆ ಆ ನೋಟ್‌ಬುಕ್ ತೆಗೆದುಕೊಂಡು ಬಾ. ಜಗಲಿಯಲ್ಲಿ ಕೂತು ಇಬ್ಬರೂ ನೋಡೋಣ. ಅದಕ್ಕೆ ಮೊದಲು ಒಂದು ದಿನ ಪೂರ್ತಿ ನಿದ್ದೆ ಮಾಡು. ನಿನ್ನ ಕೋಣೆಯ ಹತ್ತಿರ ಯಾರೂ ಮಿಕ್ಸಿ ಕೂಡ ಹಾಕದಂತೆ ನಾನು ನೋಡಿಕೊಳ್ಳುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ