'ಆಫ್ರಿಕನ್ ಪ್ರಜೆ' ಅಂದರೆ ಯಾರು?

ಸಂಪಾದಕರೇ,

ಸುದ್ದಿಗಳಲ್ಲಿ 'ಆಫ್ರಿಕನ್ ಪ್ರಜೆ' ಅನ್ನೋ ಪದ ಕಂಡಾಗೆಲ್ಲ ನನಗೆ ಒಂಥರಾ ಕಸಿವಿಸಿ. ಅಲ್ಲಿರುವುದು 54 ದೇಶ. ಯಾವ ದೇಶದ ಪ್ರಜೆ ಅಂತ ಬರೆಯೋಕೆ ಕಷ್ಟವಾ?

ದೇಶದ ಹೆಸರು ಹೇಳಿದರೂ ಕತೆ ಮುಗಿಯಲ್ಲ. ನೈಜೀರಿಯಾ ಒಂದನ್ನೇ ನೋಡಿ, 250ಕ್ಕೂ ಹೆಚ್ಚು ಜನಾಂಗಗಳು, 500ರಷ್ಟು ಭಾಷೆಗಳು. ಉತ್ತರದಲ್ಲಿ ಹೌಸಾ ಮತ್ತು ಫುಲಾನಿ, ನೈರುತ್ಯದಲ್ಲಿ ಯೊರುಬಾ, ಆಗ್ನೇಯದಲ್ಲಿ ಇಗ್ಬೊ ಜನ ಜಾಸ್ತಿ. ಹೌಸಾ ಭಾಷೆಗೆ ಅರಬ್ಬಿಯ ಜೊತೆ ದೂರದ ನಂಟು, ಯೊರುಬಾ ಮತ್ತು ಇಗ್ಬೊ ಎರಡೂ ಹೌಸಾಗಿಂತ ಬೇರೆಯೇ ಭಾಷಾ ಕುಟುಂಬದವು, ಅಂದರೆ ಕನ್ನಡಕ್ಕೂ ಹಿಂದಿಗೂ ಇರುವಂಥ ಅಂತರ. ಇವರನ್ನೆಲ್ಲ 1914ರಲ್ಲಿ ಬ್ರಿಟಿಷರು ತಮ್ಮ ಅನುಕೂಲಕ್ಕೆ ಒಂದೇ ಆಡಳಿತದಡಿ ಸೇರಿಸಿದರು, ಯಾರನ್ನೂ ಕೇಳಲಿಲ್ಲ. ಸ್ವಾತಂತ್ರ್ಯ ಬಂದು ಏಳೇ ವರ್ಷಕ್ಕೆ, 1967ರಲ್ಲಿ, ಇಗ್ಬೊ ಜನ ಹೆಚ್ಚಿದ್ದ ಪೂರ್ವ ಭಾಗ ಬಿಯಾಫ್ರಾ ಅಂತ ಬೇರೆಯಾಗಲು ಹೊರಟಿತು. 1970ರವರೆಗೆ ಯುದ್ಧ, ಹಸಿವಿನಿಂದಲೇ ಲಕ್ಷಾಂತರ ಜನ ಸತ್ತರು.

ಜನಾಂಗ ಜಾಸ್ತಿ ಇದ್ದರೆ ಜಗಳವೇ ಅಂತಲೂ ಅಲ್ಲ ಬಿಡಿ. ಟಾಂಜಾನಿಯಾದಲ್ಲಿ 120ಕ್ಕೂ ಹೆಚ್ಚು ಜನಾಂಗಗಳಿವೆ. ದನ ಕಾಯುವ ಮಸಾಯಿಗಳು, ನಾಲಿಗೆ ಚಿಟಕಿಸಿ ಮಾತಾಡುವ ಹಾಡ್ಜಾಗಳು, ಎಲ್ಲರಿಗಿಂತ ದೊಡ್ಡ ಗುಂಪಾದ ಸುಕುಮಾಗಳು, ಎಲ್ಲರೂ ಅಲ್ಲಿದ್ದಾರೆ. ಆದರೂ ಸಂತೆಯಲ್ಲಿ, ಪ್ರಾಥಮಿಕ ಶಾಲೆಯಲ್ಲಿ ಎಲ್ಲರಿಗೂ ಸಾಮಾನ್ಯವಾದ ಸ್ವಾಹಿಲಿ ಭಾಷೆ ನಡೆಯುತ್ತೆ.

ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರೂ ಆಫ್ರಿಕಾದವರೇ. ಅವರಲ್ಲೇ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಉಂಟು. ಅವರನ್ನೂ 'ಎಲ್ಲಿಂದ ಬಂದ್ರಿ' ಅಂತ ಕೇಳುವವರು ಇದ್ದಾರಲ್ಲ, ಅದೂ ಅವರು ಕನ್ನಡದಲ್ಲೇ ಮಾತಾಡ್ತಿರುವಾಗ!

– ಒಬ್ಬ ಓದುಗ