ಸಂಬಳಕ್ಕಾಗಿ ಕೆಲಸಕ್ಕೆ ಹೋಗುವ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಜೊತೆಯವರೆಲ್ಲ ಕೆಲಸ ಅಂದರೆ ಪ್ರಾಣ ಅಂತಾರೆ, ನಾನೊಬ್ಬಳೇ ಸಂಬಳಕ್ಕಾಗಿ ಹೋಗುತ್ತಿದ್ದೇನೆ, ನನ್ನಲ್ಲೇ ಏನೋ ಕೊರತೆಯಾ, ರಾಜೀನಾಮೆ ಕೊಟ್ಟುಬಿಡಲಾ ಅಂತ ಕೇಳಿದ್ದೀಯ. ಅವರು ಹಾಗೆ ಹೇಳುವುದು ಯಾರ ಮುಂದೆ ಅಂತ ಸ್ವಲ್ಪ ಗಮನಿಸು. ಎರಡು ತಿಂಗಳು ಸಂಬಳ ನಿಂತರೆ ಆ ಪ್ರಾಣ ಎಲ್ಲಿ ಹೋಗುತ್ತೋ ನೋಡೋಣ! ಸಂಬಳಕ್ಕೆ ದುಡಿಯಲು ನಾಚಿಕೆ ಬೇಡ ಮಗಳೇ.

ನಾನು 31 ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಸೇರಿದ್ದು ಹಣಕ್ಕೇ. ಮನೆ ನಡೆಯಬೇಕಿತ್ತು, ಸಿಕ್ಕ ಕೆಲಸ ಹಿಡಿದೆ. ಮೊದಲ ನಾಲ್ಕು ವರ್ಷ ಗಡಿಯಾರ ನೋಡುವುದೇ ಕೆಲಸ. ಆಮೇಲೆ ಒಂದು ಸಂಜೆ ಟ್ರಯಲ್ ಬ್ಯಾಲೆನ್ಸ್, ಅಂದರೆ ಲೆಕ್ಕದ ಎರಡೂ ಬದಿಯ ಮೊತ್ತ ಸಮ ಬರುತ್ತದಾ ಅಂತ ನೋಡುವ ಪಟ್ಟಿ, ತಾಳೆಯಾಗಲೇ ಇಲ್ಲ. 270 ವ್ಯತ್ಯಾಸ. ಪಕ್ಕದ ಹಿರಿಯರೊಬ್ಬರು, "ಅದು 9ರಿಂದ ಭಾಗವಾಗುತ್ತಾ ನೋಡಮ್ಮ. ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬೇಕು" ಅಂದರು. ಪುಟ ತಿರುವುತ್ತಾ ಹೋದೆ. 360 ಇರಬೇಕಾದ ಕಡೆ 630 ಇತ್ತು. ಬರೆದವಳು ನಾನೇ, ಆ ಮಾತು ಬಿಡು. ತಲೆ ಎತ್ತಿ ನೋಡಿದರೆ ಆಫೀಸಿನಲ್ಲಿ ಯಾರೂ ಇಲ್ಲ. ಹಸಿವೂ ಗೊತ್ತಾಗಿರಲಿಲ್ಲ.

ಅಂಥ ಗಂಟೆಗಳು ತಿಂಗಳಿಗೆ ನಾಲ್ಕೈದು ಸಿಗುತ್ತಿದ್ದವು. ಉಳಿದದ್ದೆಲ್ಲ ವೋಚರ್, ಸಹಿ, ಮೇಲಧಿಕಾರಿಯ ಗೊಣಗಾಟ. ಕೆಲಸ ನಿಮಗೆ ಇಷ್ಟವಿತ್ತಾ ಅಂತ ನೀನು ಕೇಳಿದರೆ, ಆ ನಾಲ್ಕೈದು ಗಂಟೆ ಇಷ್ಟವಿತ್ತು. ಮಿಕ್ಕಿದ್ದಕ್ಕೆ ಸಂಬಳ ತಗೊಂಡೆ.

ನೀನು ಓದಿದವಳು, ಪುರಾವೆ ಬೇಕು ಅಂತೀಯ. 1997ರಲ್ಲಿ ಅಮೆರಿಕದ ಎಮಿ ರೆಜ್ನೆಸ್ಕಿ ಎಂಬ ಸಂಶೋಧಕಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಕೆಲಸ ಅಂದರೆ ಬರೀ ಸಂಬಳ, ಕೆಲವರಿಗೆ ಮೇಲೇರುವ ಏಣಿ, ಕೆಲವರಿಗೆ ಅದೇ ಬದುಕು. ಒಂದೇ ಬಗೆಯ ಕಚೇರಿ ಕೆಲಸ ಮಾಡುವ 24 ಸಹಾಯಕರು ಕೂಡ ಈ ಮೂರೂ ಗುಂಪಿಗೆ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋದರಂತೆ! ಅದಕ್ಕೂ ಹಿಂದೆ, 1955ರ ಒಂದು ಅಧ್ಯಯನದಲ್ಲಿ, ಕೂತು ಉಣ್ಣುವಷ್ಟು ಆಸ್ತಿ ಬಂದರೂ ದುಡಿಯುತ್ತೀರಾ ಅಂತ ಅಲ್ಲಿನ 401 ಗಂಡಸರನ್ನು ಕೇಳಿದ್ದರು. ಶೇ 80 ಮಂದಿ ಹೂಂ ಅಂದರು. ಅದು ಪ್ರೀತಿಯಾ? ಬಹಳ ಜನ ಕೊಟ್ಟ ಕಾರಣ, ಸುಮ್ನೆ ಕೂರೋಕಾಗಲ್ಲ ಅನ್ನುವಂಥದ್ದು. ನಿವೃತ್ತಿಯಾದ ಮೂರನೇ ವಾರಕ್ಕೆ ನನಗೂ ಹಾಗೇ ಆಯಿತು. ಪಿಂಚಣಿ ಬರುತ್ತಿತ್ತು, ಹೊತ್ತು ಹೋಗುತ್ತಿರಲಿಲ್ಲ.

ಅದಕ್ಕೇ, ರಾಜೀನಾಮೆ ಬರೆಯುವ ಮೊದಲು ಒಂದು ತಿಂಗಳು ತಡಿ. ರಾತ್ರಿ ಮಲಗುವಾಗ ಕೇಳಿಕೋ: ಇವತ್ತು ಯಾವ ಹೊತ್ತಿನಲ್ಲಿ ಗಡಿಯಾರ ಮರೆತೆ? ಅರ್ಧ ಗಂಟೆಯಾದರೂ ಸರಿ, ಪುಸ್ತಕದಲ್ಲಿ ಗುರುತು ಹಾಕು. ಭಾನುವಾರ ರಾತ್ರಿ ಮಾತ್ರ ಈ ಲೆಕ್ಕ ಬೇಡ, ಮಾರನೇ ದಿನದ ಭಯದಲ್ಲಿ ಯಾವ ಕೆಲಸವೂ ಚೆನ್ನಾಗಿ ಕಾಣದು. ಗುರುತುಗಳಿದ್ದರೆ ಅಂಥ ಕೆಲಸವನ್ನು ಜಾಸ್ತಿ ಕೇಳಿ ಪಡೆಯಬಹುದಾ ನೋಡು. ಇಡೀ ತಿಂಗಳು ಪುಟ ಖಾಲಿ ಇದ್ದರೆ ಬೇರೆ ಕಡೆ ಹುಡುಕು. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಈ ಕೆಲಸ ಬಿಡು.

ಇನ್ನೊಂದು ಮಾತು. ಪ್ರೀತಿಯಿಂದ ಮಾಡಮ್ಮ ಅಂತ ಯಾರಾದರೂ ರಾತ್ರಿ ಒಂಬತ್ತರವರೆಗೆ ಕೂರಿಸಿಕೊಂಡರೆ, ಓವರ್‌ಟೈಮ್ ಎಷ್ಟು ಕೊಡ್ತೀರಿ ಅಂತ ನಗುತ್ತಲೇ ಕೇಳು. ನಾನು ಕೇಳದೆ ಎಷ್ಟೋ ಸಂಜೆ ಕಳೆದುಕೊಂಡೆ.

ಮುಂದಿನ ಸಲ ಬರುವಾಗ ಆ ಪುಸ್ತಕ ತಗೊಂಡು ಬಾ. ಇಬ್ಬರೂ ಕೂತು ಲೆಕ್ಕ ಹಾಕೋಣ.

ಇಂತಿ,
ನಿನ್ನ ದೊಡ್ಡಮ್ಮ