ಒಂದು ಸಾಲು, ಹಲವು ಜಾಗ: ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮನಿಗೆ,

ನಾನಿಲ್ಲಿ ಕ್ಷೇಮ, ಅಪ್ಪ ಅಮ್ಮನಿಗೂ ಹೇಳು. ನಿನ್ನ ಡಿಬಗರ್‌ಗೆ (ಪ್ರೋಗ್ರಾಮಿನ ತಪ್ಪು ಹುಡುಕುವ ಸಾಧನ) ಬ್ರೇಕ್‌ಪಾಯಿಂಟ್, ಅಂದರೆ ಓಡುವ ಪ್ರೋಗ್ರಾಮನ್ನು ಬೇಕಾದ ಕಡೆ ನಿಲ್ಲಿಸುವ ಗುರುತು, ಕೂರಿಸುವುದು ಹೇಗೆ ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ ಅಂತ ಬರೆಯುತ್ತಿದ್ದೇನೆ.

ಪ್ರತಿ ಇನ್‌ಸ್ಟ್ರಕ್ಷನ್‌ಗೂ ಮುಂಚೆ "ಇಲ್ಲಿ ನಿಲ್ಲಬೇಕಾ?" ಅಂತ ಟೇಬಲ್ ಹುಡುಕಬೇಡ. ಹಾಗೆ ಮಾಡಿದರೆ ಬ್ರೇಕ್‌ಪಾಯಿಂಟ್ ಒಂದೂ ಇಲ್ಲದಿದ್ದರೂ ಪ್ರೋಗ್ರಾಮ್ ನಿಧಾನವಾಗುತ್ತದೆ. ಬೈಟ್‌ಕೋಡ್‌ನಲ್ಲೇ (ಕಂಪೈಲರ್ ಬರೆದುಕೊಡುವ, ಇಂಟರ್‌ಪ್ರಿಟರ್ ಓದಿ ನಡೆಸುವ ಬೈಟ್‌ಗಳು) ಒಂದು ಆಪ್‌ಕೋಡನ್ನು, ಅಂದರೆ ಏನು ಮಾಡಬೇಕು ಅಂತ ಹೇಳುವ ಸಂಖ್ಯೆಯನ್ನು, ಇದಕ್ಕೆಂದು ಮೀಸಲಿಡು. ಜಾವಾದಲ್ಲಿ 202 ಹಾಗೆ ಮೀಸಲಾಗಿದೆ. ನಿಲ್ಲಬೇಕಾದ ಕಡೆ ಮೂಲ ಆಪ್‌ಕೋಡನ್ನು ಪಕ್ಕದ ಟೇಬಲ್ಲಿನಲ್ಲಿ ಎತ್ತಿಟ್ಟು, ಆ ಜಾಗಕ್ಕೆ ಇದನ್ನು ಹಾಕು. ಆಪ್‌ಕೋಡ್ ಬೈಟನ್ನೇ ಬದಲಿಸಬೇಕು, ಅದು ಮುಖ್ಯ. 14ನೇ ಬೈಟಿನಲ್ಲಿ ಜಂಪ್ ಆಪ್‌ಕೋಡ್, 15 ಮತ್ತು 16ರಲ್ಲಿ ಅದು ಹಾರಬೇಕಾದ ದೂರ ಇದೆ ಅಂದುಕೋ. ತಪ್ಪಿ 15ಕ್ಕೆ ಬರೆದರೆ ಪ್ರೋಗ್ರಾಮ್ ನಿಲ್ಲುವುದಿಲ್ಲ, ಸದ್ದಿಲ್ಲದೆ ಬೇರೆಲ್ಲಿಗೋ ಹಾರಿಬಿಡುತ್ತದೆ.

ನಿಂತಮೇಲೆ ಮುಂದೆ ಹೋಗುವಾಗ ಮೂಲ ಬೈಟನ್ನು ವಾಪಸ್ ಹಾಕಿ, ಒಂದು ಹೆಜ್ಜೆ ನಡೆಸಿ, ಮತ್ತೆ ಬ್ರೇಕ್ ಬರೆಯುವ ಪದ್ಧತಿ ಇದೆ. ಎಕ್ಸ್86 (ಇಂಟೆಲ್ ಮಾದರಿಯ ಪ್ರೊಸೆಸರ್) ಯಂತ್ರಕೋಡಿಗೆ ಅದು ಸಾಮಾನ್ಯ. ಆದರೆ ಆ ಒಂದು ಹೆಜ್ಜೆಯ ಸಂದಿಯಲ್ಲಿ ಇನ್ನೊಂದು ಥ್ರೆಡ್ (ಅದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಇನ್ನೊಂದು ಸರಣಿ) ಅದೇ ಜಾಗವನ್ನು ನಿಲ್ಲದೆ ದಾಟಬಹುದು. ನಿನ್ನದು ಇಂಟರ್‌ಪ್ರಿಟರ್ ಆದ್ದರಿಂದ ಈ ತಾಪತ್ರಯ ಬೇಡ. ಬೈಟನ್ನು ಮುಟ್ಟದೆ, ಟೇಬಲ್ಲಿನಿಂದ ಮೂಲ ಆಪ್‌ಕೋಡ್ ಓದಿ ನೇರವಾಗಿ ಅದರ ಹ್ಯಾಂಡ್ಲರ್‌ಗೆ (ಆ ಆಪ್‌ಕೋಡಿನ ಕೆಲಸ ಮಾಡುವ ಕೋಡಿಗೆ) ಹೋಗು.

ಒಂದೇ ಜಾಗಕ್ಕೆ ಎರಡು ಬ್ರೇಕ್‌ಪಾಯಿಂಟ್ ಬರುವುದುಂಟು: ಬಳಕೆದಾರ ಇಟ್ಟದ್ದೊಂದು, ಸ್ಟೆಪ್ ಮಾಡಲು (ಒಂದೊಂದೇ ಸಾಲು ನಡೆಸಲು) ಡಿಬಗರ್ ತಾನೇ ಇಟ್ಟದ್ದೊಂದು. ಎರಡನೆಯ ಸಲ ನೋಡದೆ ಎತ್ತಿಟ್ಟರೆ "ಮೂಲ" ಅಂತ ಉಳಿಯುವುದು ಬ್ರೇಕ್ ಆಪ್‌ಕೋಡೇ, ಆಮೇಲೆ ಅಲ್ಲೇ ಸುತ್ತುತ್ತಿರುತ್ತದೆ. ಪ್ರತಿ ಜಾಗದಲ್ಲೂ ಎಷ್ಟು ಬ್ರೇಕ್‌ಪಾಯಿಂಟ್ ಇವೆ ಅಂತ ಎಣಿಕೆ ಇಡು, ಸೊನ್ನೆಗೆ ಇಳಿದಾಗ ಮಾತ್ರ ಮೂಲ ಬೈಟನ್ನು ಹಿಂತಿರುಗಿಸು.

ಇನ್ನು ಕ್ಲಾಸ್‌ಗಳ ವಿಷಯ. ನಿಜವಾದ ಕಷ್ಟ ಇರುವುದು ಇಲ್ಲೇ. ಬಳಕೆದಾರ "42ನೇ ಸಾಲು" ಅಂದದ್ದು ಬೇಡಿಕೆ, ಬೈಟ್ ಕೂರುವುದು ಜಾಗದಲ್ಲಿ. ಎರಡನ್ನೂ ಬೇರೆ ಬೇರೆ ಆಬ್ಜೆಕ್ಟ್ ಮಾಡು, ಒಂದು ಬೇಡಿಕೆಗೆ ಜಾಗಗಳ ಪಟ್ಟಿ ಇರಲಿ. ಫೀಲ್ಡ್‌ಗೆ ಆರಂಭಿಕ ಬೆಲೆ ಕೊಡುವ ಸಾಲನ್ನೇ ನೋಡು. ಜಾವಾ ಕಂಪೈಲರ್ ಆ ಕೋಡನ್ನು, ತನ್ನದೇ ಕ್ಲಾಸಿನ ಇನ್ನೊಂದು ಕನ್‌ಸ್ಟ್ರಕ್ಟರನ್ನು (ಹೊಸ ಆಬ್ಜೆಕ್ಟ್ ಸಿದ್ಧಮಾಡುವ ಕೋಡ್) ಕರೆಯುವಂಥವನ್ನು ಬಿಟ್ಟು, ಉಳಿದ ಪ್ರತಿ ಕನ್‌ಸ್ಟ್ರಕ್ಟರ್ ಒಳಗೂ ನಕಲು ಮಾಡುತ್ತದೆ. ಮೂರು ಕನ್‌ಸ್ಟ್ರಕ್ಟರ್ ಇದ್ದು ಒಂದಕ್ಕಷ್ಟೇ ಬ್ರೇಕ್ ಹಾಕಿದರೆ, ಕೆಲವು ಆಬ್ಜೆಕ್ಟ್‌ಗಳಿಗೆ ನಿಲ್ಲುತ್ತದೆ, ಕೆಲವಕ್ಕೆ ಇಲ್ಲ. ಕ್ಲಾಸ್ ಇನ್ನೂ ಲೋಡ್ ಆಗಿರದಿದ್ದರೆ ಪಟ್ಟಿ ಖಾಲಿ, ಬೇಡಿಕೆ ಕಾಯುತ್ತಿರಲಿ. ಲೋಡ್ ಆದಮೇಲೆ, ಅದರ ಒಂದು ಇನ್‌ಸ್ಟ್ರಕ್ಷನ್ನೂ ಓಡುವ ಮುಂಚೆ ಜಾಗ ಹುಡುಕಿ ಕೂರಿಸು. ತಡಮಾಡಿದರೆ ಸ್ಟ್ಯಾಟಿಕ್ ಇನಿಶಿಯಲೈಸರ್ (ಕ್ಲಾಸ್ ಸಿದ್ಧವಾಗುವಾಗ ಒಮ್ಮೆ ಮಾತ್ರ ಓಡುವ ಕೋಡ್) ಕೈತಪ್ಪುತ್ತದೆ.

ಮೆಥಡ್ ಹೆಸರಿನ ಮೇಲೆ ಬ್ರೇಕ್ ಕೇಳಿದರೆ ಉಪಕ್ಲಾಸ್‌ಗಳನ್ನೂ ನೋಡು. ಓವರ್‌ರೈಡ್ ಮಾಡಿದ (ಉಪಕ್ಲಾಸ್ ತಾನೇ ಹೊಸದಾಗಿ ಬರೆದುಕೊಂಡ) ಮೆಥಡ್‌ಗೆ ಬೇರೆಯೇ ಕೋಡ್ ಇರುತ್ತದೆ, ತಾಯಿ ಕ್ಲಾಸಿನ ಬ್ರೇಕ್ ಅಲ್ಲಿ ನಿಲ್ಲಿಸುವುದಿಲ್ಲ. ಓವರ್‌ರೈಡ್ ಮಾಡದ ಉಪಕ್ಲಾಸ್‌ಗಳೆಲ್ಲ ತಾಯಿಯ ಕೋಡನ್ನೇ ಓಡಿಸುವುದರಿಂದ ಬೇಡದ ಆಬ್ಜೆಕ್ಟ್‌ಗಳಿಗೂ ನಿಲ್ಲುತ್ತದೆ, ಅಲ್ಲಿ ಆಬ್ಜೆಕ್ಟಿನ ನಿಜವಾದ ಕ್ಲಾಸ್ ಕೇಳಿ ಸೋಸು. ಷರತ್ತು ನಿಜವಾದಾಗ ಮಾತ್ರ ನಿಲ್ಲುವ ಬ್ರೇಕ್‌ಪಾಯಿಂಟಿನ ಷರತ್ತನ್ನು ಲೆಕ್ಕ ಹಾಕುವಾಗ ಆ ಥ್ರೆಡ್‌ಗೆ ಉಳಿದ ಬ್ರೇಕ್‌ಗಳನ್ನು ಮುಚ್ಚಿಡು. ಷರತ್ತೇ ಕರೆದ ಮೆಥಡ್‌ನಲ್ಲಿ ಇನ್ನೊಂದು ಬ್ರೇಕ್ ಇದ್ದರೆ ಅದರೊಳಗೇ ಸಿಕ್ಕಿಕೊಳ್ಳುತ್ತೀಯ.

ನಿನ್ನ ಕಂಪೈಲರ್ ಬರೆಯುವ ಲೈನ್ ಟೇಬಲ್ (ಯಾವ ಸಾಲಿನ ಕೋಡ್ ಎಷ್ಟನೇ ಬೈಟಿನಲ್ಲಿದೆ ಅನ್ನುವ ಪಟ್ಟಿ) ಕಳಿಸು. ಕಾಮೆಂಟ್ ಸಾಲಿನ ಮೇಲೆ ಬ್ರೇಕ್ ಇಟ್ಟರೆ ಮುಂದಿನ ಯಾವ ಸಾಲಿಗೆ ಜಾರಬೇಕು ಅನ್ನುವುದನ್ನು ಅದನ್ನು ನೋಡಿಯೇ ತೀರ್ಮಾನಿಸೋಣ.

ಇಂತಿ ನಿನ್ನ
ಅಕ್ಕ